ಯಾವ ಸೀಮೆಯ ಸುಣ್ಣ

ಅವೀಝ್ ಊರಿನ ಇಳಿಜಾರಿನಲ್ಲಿ
ಮೊಳದಷ್ಟು ಅಗೆದರೆ ಸಾಕು,
ಕಂದು ಮುಗಿದು ಬಿಳಿ ಶುರು.
ನಾವು ಕರಿಹಲಗೆಗೆ ಉಜ್ಜಿ ಉಜ್ಜಿ ಸವೆಸಿದ್ದು
ಇಲ್ಲಿ ನೂರಾರು ಅಡಿ ಆಳ.
ಸೀಮೆಸುಣ್ಣ ಅನ್ನುತ್ತೇವಲ್ಲ, ಯಾವ ಸೀಮೆ ಅಂತ
ಇಷ್ಟು ದಿನ ಕೇಳಿರಲೇ ಇಲ್ಲ.

ಸಿಡೋನಿ ವೊತ್ರಾಂ ಒಂದು ಹೆಂಟೆ ಮುರಿದು
ನಾಲಿಗೆಗೆ ಮುಟ್ಟಿಸು ಅಂದಳು. ಅಂಟಿಕೊಂಡಿತು.
"ಇದಕ್ಕೆ ಸದಾ ದಾಹ.
ಮಳೆ ಬಂದಾಗ ಕುಡಿದು ಬಚ್ಚಿಟ್ಟುಕೊಳ್ಳುತ್ತೆ,
ಬೇಸಿಗೆಯಲ್ಲಿ ಬೇರಿಗೆ ಚಮಚದಲ್ಲಿ ಅಳೆದು ಕೊಡುತ್ತೆ,
ನಮ್ಮತ್ತೆ ಕಾಫಿಗೆ ಸಕ್ಕರೆ ಹಾಕುತ್ತಿದ್ದ ಹಾಗೆ."
ಹಿಂದೆ ಇಲ್ಲಿ ಕಡಲಿತ್ತು.
ಹೆಂಟೆಯೊಳಗೆ ಬೆರಳುದ್ದದ ಚೂಪು ಕಲ್ಲು,
ಆ ಕಡಲಿನ ಯಾವುದೋ ಜೀವದ ಬಾಲ.
ಮೊಮ್ಮಗ ತಿಬೋ ಅದನ್ನು ಯುದ್ಧದ ಗುಂಡು ಎಂದುಕೊಂಡು
ಜೇಬಿಗಿಳಿಸಿದ.

ಏಪ್ರಿಲ್ ಇಪ್ಪತ್ತಾರು. ರಾತ್ರಿ ಮೂರು.
ಚಿಗುರು ಇಲಿಯ ಕಿವಿಯಷ್ಟು.
ಆಕಾಶ ತೊಳೆದಿಟ್ಟ ಗಾಜು, ಅದೇ ಭಯ:
ಮೋಡವಿದ್ದಿದ್ದರೆ ನೆಲಕ್ಕೊಂದು ಕಂಬಳಿ.
ಸಾಲುಗಳ ನಡುವೆ ನಾನೂರು ಡಬ್ಬಿ ಮೇಣ
ಹಚ್ಚುತ್ತ ಹೋದರು ಅವಳು, ತಂಗಿ ಕ್ಲೋತಿಲ್ಡ್,
ಎಂಟು ವರ್ಷದಿಂದ ಮಾತು ಬಿಟ್ಟಿದ್ದ ಪಕ್ಕದ ತೋಟದ ಗಾಸ್ಪಾರ್.
ದೂರದ ರಸ್ತೆಯಲ್ಲಿ ಲಾರಿ ನಿಲ್ಲಿಸಿದವನು
ಹಬ್ಬವೆಂದು ಫೋಟೊ ತೆಗೆದ.
ಬೆಳಗಾದಾಗ ತಗ್ಗಿನ ಆರು ಸಾಲು
ಬೇಯಿಸಿದ ಸೊಪ್ಪು.
ಚಳಿಯೂ ಸುಡುತ್ತದೆ.
ಗಾಸ್ಪಾರ್ ಕಾಫಿ ಕುಡಿದು, ಏನೂ ಹೇಳದೆ ಹೋದ.

ಎಟುಕದ ದ್ರಾಕ್ಷಿ ಹುಳಿ ಎಂದ ನರಿಯನ್ನು
ಇಲ್ಲಿಗೆ ಕರೆತಂದರೆ ಪಾಪ, ಗಲಿಬಿಲಿ:
ಮೊಣಕಾಲೆತ್ತರಕ್ಕೇ ತೂಗುವ ಗೊಂಚಲು,
ಯಾರಿಗೂ ಎಟುಕುತ್ತದೆ, ನಿಜಕ್ಕೂ ಹುಳಿ,
ಆ ಹುಳಿಗೇ ಬೆಲೆ.
ಸಿಹಿಯನ್ನು ತೆಂಕಣದ ಬಿಸಿಲು ಪುಕ್ಕಟೆ ಹಂಚುತ್ತದೆ.
ಏಳು ವರ್ಷ ಕತ್ತಲಲ್ಲಿ ಮಲಗಿದ್ದು
ಎದ್ದಾಗ ಬೆನ್ನು ನೆಟ್ಟಗಿರಬೇಕಾದರೆ
ಹುಳಿ ಬೇಕು.

ಮಾಗಿ ಎಂದರೆ ಚಳಿ. ಮಾಗು ಎಂದರೆ ಹಣ್ಣಾಗು.
ಎರಡಕ್ಕೂ ನಂಟಿದೆಯೋ, ಪಂಡಿತರನ್ನು ಕೇಳಿಲ್ಲ;
ಅವಳ ನೆಲಮಾಳಿಗೆಯಲ್ಲಿ ಶಾಲು ಹೊದ್ದು ನಿಂತಾಗ
ಇದ್ದೇ ಇದೆ ಅನಿಸಿತು.
ಸುಣ್ಣವನ್ನೇ ಕೊರೆದ ಗವಿ. ವರ್ಷವಿಡೀ ಹನ್ನೊಂದು ಡಿಗ್ರಿ.
ಬಾಟಲಿಯೊಳಗೆ ಯೀಸ್ಟ್ ಕೊನೆಯ ಸಕ್ಕರೆ ತಿಂದು
ತಳಕ್ಕೆ ಬಿದ್ದು ಸಾಯುತ್ತದೆ.
ಅದು ಬಿಟ್ಟ ಉಸಿರಿಗೆ ಹೊರಹೋಗಲು ದಾರಿಯಿಲ್ಲ,
ಅದೇ ಆಮೇಲೆ ಗುಳ್ಳೆ.

ಗೋಡೆಯ ತುಂಬ ಮೊಳೆಯಲ್ಲಿ ಗೀರಿದ ಕೊಯ್ಲಿನ ತಾರೀಖು.
ಅಜ್ಜ ಅನ್ಸೆಲ್ಮ್: ಅಕ್ಟೋಬರ್ ಒಂಬತ್ತು.
ಅಪ್ಪ: ಸೆಪ್ಟೆಂಬರ್ ಇಪ್ಪತ್ತೆಂಟು.
ಅವಳದು ಹದಿನೈದು, ಹನ್ನೊಂದು, ಐದು,
ಹೋದ ವರ್ಷ ಆಗಸ್ಟ್.
ಆ ವರ್ಷದ ರಸವನ್ನು ಕೊಳ್ಳುವವರು ಹೊಗಳಿದರಂತೆ.
ಅವಳು ಗುಟುಕರಿಸಿ, ಲೋಟ ಕೆಳಗಿಟ್ಟು,
ಚೆನ್ನಾಗಿದೆ ಅಂದಳಂತೆ,
ಅಳಿಯನ ಅಡುಗೆಗೆ ಹೇಳುವ ದನಿಯಲ್ಲಿ.

ಈ ವರ್ಷ ಬೇಸಿಗೆ ಬರಲೇ ಇಲ್ಲ.
ಜುಲೈಯಲ್ಲಿ ಜಿಟಿಜಿಟಿ, ಎಲೆಗೆ ಬೂಷ್ಟು,
ಗಾಸ್ಪಾರನ ಬೈಗುಳ ಬೇಲಿ ದಾಟಿ ಕೇಳುತ್ತಿತ್ತು.
ಸೆಪ್ಟೆಂಬರ್ ಇಪ್ಪತ್ತೊಂದಕ್ಕೆ ಅವಳು
ಒಂದು ಕಾಯಿ ಕಿತ್ತು ಕಚ್ಚಿದಳು.
ಒಂದು ಕಣ್ಣು ತಾನಾಗಿ ಮುಚ್ಚಿತು,
ಕೆನ್ನೆ ಒಳಕ್ಕೆಳೆಯಿತು,
ಅರವತ್ತೆಂಟರ ಮುಖ ನಕ್ಕುಬಿಟ್ಟಿತು.
"ಇನ್ನು ನಾಲ್ಕು ದಿನ."

ಇಪ್ಪತ್ತೈದಕ್ಕೆ ಗೋಡೆಯ ಮುಂದೆ ಮೊಳೆ ಸಿಗಲಿಲ್ಲ.
ತಿಬೋ ಜೇಬು ತಡಕಿ ಕಡಲಿನ ಆ ಬಾಲ ಕೊಟ್ಟ.
ಕರಕರ ಸದ್ದು.
ತೋಳಿಗೆ ಬಿಳಿ ಧೂಳು,
ಅವಳು ಕೊಡವಲಿಲ್ಲ, ಹಾಗೇ ಊಟಕ್ಕೆ ಕೂತಳು.