ಹೊಸಬರಿಗೆ

ಮೂರು ಭಾಗ ಮಾಡಿದ್ದೆ ಕೈಪಿಡಿಯನ್ನು:
ಹೊಸಬರಿಗೆ, ಬಲ್ಲವರಿಗೆ, ಪಳಗಿದವರಿಗೆ.
ಮೀನು ತೋರುವ ಪರದೆಗೆ ನೂರ ಹನ್ನೆರಡು ಪುಟ.

ಮಲ್ಪೆ ಧಕ್ಕೆ. ಮಂಜುಗಡ್ಡೆ ಪುಡಿಯಾಗುವ ಸದ್ದು,
ಕೂಗಿಯೇ ಮಾತಾಡಬೇಕು.
ಶೀನ ತಾಂಡೇಲರು ಮೊದಲ ಹಾಳೆ ನೋಡಿ
ಪುಸ್ತಕವನ್ನು ಕಲಾಸಿ ಹುಡುಗನತ್ತ ತಳ್ಳಿದರು:
"ಹೊಸಬ ಇವ. ನನಗೆ ಕಡಲಲ್ಲಿ ಮೂವತ್ತೆಂಟು ವರ್ಷ."

ಹುಡುಗ ಓದಲಿಲ್ಲ.
ಎರಡು ಸಲ ಒತ್ತಿ, ಒಮ್ಮೆ ಎಳೆದು
ಕೊನೆಯ ಭಾಗದಲ್ಲಿ ನಾನು ಬಚ್ಚಿಟ್ಟಿದ್ದನ್ನು
ಚಹಾ ಆರುವುದರೊಳಗೆ ತೆರೆದ.
ಕಡಲಡಿಯ ಕಲ್ಲು ಎಲ್ಲಿದೆಯೆಂದು ಅವನಿಗೆ ಗೊತ್ತಿಲ್ಲ.

ಗೊತ್ತಿದ್ದವರು ಬೀಡಿ ಆರಿಸಿ, ನನ್ನ ಮುಖ ನೋಡದೆ ಕೇಳಿದರು:
"ಹೋದ ವರ್ಷ ಬಲೆ ಹರಿದ ಜಾಗ
ಇದರಲ್ಲಿ ಗುರುತು ಹಾಕುವುದು ಹೇಗೆ ಮಾರಾಯ?
ಮೀಟರು ಬೇಡ, ಮಾರಿನಲ್ಲಿ ಹೇಳು."

ಮಾರು ಎಂದರೆ?
ಅವರು ಎರಡೂ ಕೈ ಚಾಚಿದರು,
ಇಲ್ಲದ ಹಗ್ಗ ಹಿಡಿದ ಹಾಗೆ.

ರಾತ್ರಿ ಮೂರೂ ತಲೆಬರಹ ಹೊಡೆದುಹಾಕಿದೆ.
'ಬಲೆ ಹರಿದ ಜಾಗ ಗುರುತಿಸಲು'
ಎಪ್ಪತ್ತನೇ ಪುಟದಿಂದ ಎದ್ದು ಬಂದು ಮೊದಲು ಕೂತಿತು,
ಆಳ ಮಾರಿನಲ್ಲಿ.

ಬೆಳಿಗ್ಗೆ ಮಂಗಳೂರಿನಿಂದ ರೆನಿಟಾ,
ಈ ಪರದೆಯ ಒಳಗನ್ನೆಲ್ಲ ಬರೆದವಳು:
"ಮಾರು ಅಂದ್ರೆ ಏನು?"
ಫೋನು ಹಿಡಿದ ಕೈಯನ್ನೂ
ಚಾಚಬೇಕಲ್ಲ, ಹೇಳುವುದಕ್ಕೆ.