ಒಂಬೈನೂರ ಎಂಬತ್ತು ಗ್ರಾಂ

ಪುಣೆಯ ರವಿವಾರ ಪೇಟೆಯಲ್ಲಿ
ತಕ್ಕಡಿಗಳ ಸುಳ್ಳು ಹಿಡಿಯುವುದು ನನ್ನ ಕಸುಬು.
ಇವತ್ತು ಗಿರಾಕಿ ನಾನೇ.
ಶಟರ್ ಅರ್ಧ ಎಳೆದು
ಬೆಳ್ಳಿ ವ್ಯಾಪಾರಿ ರಿಪೇರಿಗೆ ಬಿಟ್ಟ ಯಂತ್ರದ ಮೇಲೆ
ನಿದ್ದೆಯನ್ನು ತೂಗುತ್ತಿದ್ದೇನೆ.

ನೀಲಗಂಗೆಯ ಕೌದಿ: ಮೂರು ಕಿಲೋ ನೂರಾ ನಲವತ್ತು.
ಎಂಟು ಸೀರೆ, ಎರಡು ಧೋತರ, ನನ್ನದೊಂದು ಶಾಲೆಯ ಅಂಗಿ
ಹೊಲಿಗೆಯೊಳಗೆ ಒತ್ತಿ ಕೂತಿವೆ.
ಬೆಚ್ಚಗಿದೆ, ಸರಿ. ಆದರೆ ಮೊಣಕಾಲಿನ ಡಾಕ್ಟರು
ಬೆನ್ನಿಗೆ ಎಂಟೇ ಕಿಲೋ ಎಂದು ಗೆರೆ ಎಳೆದಿದ್ದಾರೆ.
ನೀರು ಮೂರು, ಗುಡಾರ ಎರಡು,
ಭಾಕರಿ, ಶೇಂಗಾ ಚಟ್ನಿ, ಡಬ್ಬಿ ಸೇರಿ ಒಂದು.
ಉಳಿದ ಎರಡರಲ್ಲಿ
ಹರಿಶ್ಚಂದ್ರಗಡದ ಜನವರಿ ರಾತ್ರಿ ಕಳೆಯಬೇಕು.

ಅಂಗಡಿಯ ಹುಡುಗ ಬಾತುಕೋಳಿ ಪುಕ್ಕದ ಚೀಲ ಬಿಚ್ಚಿ ಹೇಳಿದ್ದ:
"ಸೊನ್ನೆ ಡಿಗ್ರಿಯಲ್ಲೂ ಬಿಸಿ ಕೊಡುತ್ತೆ ಕಾಕಾ."
ಕೊಡುವುದಿಲ್ಲ.
ಚೀಲಕ್ಕೆ ಸ್ವಂತ ಬಿಸಿ ಎಂಬುದೇ ಇಲ್ಲ;
ನಮ್ಮದನ್ನೇ ನಮಗೆ ಎಣಿಸಿ ವಾಪಸು ಕೊಡುವ
ಗುಮಾಸ್ತ ಅದು.

ಹಾಗಿದ್ದರೆ ನೀಲಗಂಗೆಗೆ ಏನು ಸಿಗುತ್ತದೆ?
ಮೂವತ್ತೊಂದು ವರ್ಷದಿಂದ ಅವಳ ಪಾದಗಳು
ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಹಾಲಿನ ಪಾಕೀಟು.
ರಾತ್ರಿ ನನ್ನ ಮೀನಖಂಡದಿಂದ ಸಾಲ ತರುತ್ತಾಳೆ,
ಇನ್ನೂ ತೀರಿಸಿಲ್ಲ.

ಶನಿವಾರ ಗಚ್ಚಿಯ ಮೇಲೆ ತಾಲೀಮು.
ನೀರಿನ ಟಾಕಿಯ ಮರೆಯಲ್ಲಿ
ಎರಡು ಚೀಲ, ಎರಡು ತೆಳು ಚಾಪೆ, ಒಂಬತ್ತು ಡಿಗ್ರಿ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದವರು
ಇಂಥದ್ದರಲ್ಲಿ ಮಲಗಿರಲಾರರು:
ಎರಡು ಕಾಲೂ ಒಂದೇ ಲಕೋಟೆಯಲ್ಲಿ,
ಅಂಚೆಗೆ ಹಾಕುವುದಷ್ಟೇ ಬಾಕಿ.

ಮೋಟರು ಬಂದ್ ಮಾಡಲು ಬಂದ ವಾಚ್‌ಮನ್ ಭಿವಾ
ಬ್ಯಾಟರಿ ಬಿಟ್ಟು ನೋಡಿದ. ಎರಡು ಮೂಗು, ಎರಡು ಚೈನು.
"ಕಳ್ಳ ಬಂದರೆ ಇದರಿಂದ ಎದ್ದು ಓಡೋದು ಹ್ಯಾಗೆ?"
ಲೇಬಲ್ಲಿನಲ್ಲಿ ಉತ್ತರ ಹುಡುಕಿದೆ. ಇರಲಿಲ್ಲ.

ಎರಡೂವರೆಗೆ ಥಂಡಿ ಬಂತು, ಕೆಳಗಿನಿಂದ.
ಮೇಲಿನ ಪುಕ್ಕ ಉಬ್ಬಿ ಕಾವಲಿಗಿತ್ತು;
ಬೆನ್ನಡಿಯದು ನನ್ನ ಭಾರಕ್ಕೇ ಚಪ್ಪಟೆ.
ಕಾಂಕ್ರೀಟು ಸದ್ದಿಲ್ಲದೆ ವಸೂಲಿ ನಡೆಸಿತ್ತು.
ಕತ್ತಲಲ್ಲೇ ಅಂಗೈ ಮೇಲೆ ಬರೆದುಕೊಂಡೆ:
ಹೊದಿಕೆಗಿಂತ ಮೊದಲು ಹಾಸು. ದಪ್ಪ ಚಾಪೆ.

"ನಿದ್ದಿ ಬಂತೇನು?"
"ನನ್ನ ಪಾದ ಎಲ್ಲ್ಯದಾವ ಗೊತ್ತಾಗವಲ್ದು."
ನಡುವೆ ಒಂದು ಮೊಳ ಗಚ್ಚು.
ಕೈ ಹೊರಗೆ ಹಾಕಿದರೆ ಬಿಸಿ ಸೋರುತ್ತದೆ.
ಹಾಕಿದೆ.
ಸಿಕ್ಕಿದ್ದು ಅವಳ ಚೀಲದ ಜಾರುವ ಬಟ್ಟೆ,
ಅದರೊಳಗೆ ಎಲ್ಲೋ ಮೊಣಕೈ.

ಸೋಮವಾರ ಚೀಲಗಳನ್ನು ವಾಪಸು ಕೊಟ್ಟು ಬಂದೆ.
ಈಗ ಯಂತ್ರದ ಮೇಲಿರುವುದು
ಇಬ್ಬರಿಗೆ ಒಂದೇ ಪುಕ್ಕದ ದುಪ್ಪಟಿ, ಅಡಿ ಖಾಲಿ,
ಒಂಬೈನೂರ ಎಂಬತ್ತು ಗ್ರಾಂ.
ತಟ್ಟೆ ತುಂಬಿ ನಾಲ್ಕೂ ಕಡೆ ಇಳಿಬಿದ್ದಿದೆ,
ಕೋಳಿ ಕಾವಿಗೆ ಕೂತಂತೆ.
ಜೋಡಿಸಿ ಕಟ್ಟುವ ಎರಡು ಚಾಪೆ: ಒಂಬೈನೂರ ನಲವತ್ತು.
ಎಂಬತ್ತು ಉಳಿಯಿತು ಎಂದು ಬೀಗಿ ಕೂತಿದ್ದೆ.

ಶಟರ್ ಕೆಳಗೆ ಬಗ್ಗಿ ಒಳಬಂದ ನೀಲಗಂಗೆ
ಉಣ್ಣೆಯ ಜೋಡಿಯೊಂದನ್ನು ಮೇಲಿಟ್ಟಳು. ನೂರಾ ಇಪ್ಪತ್ತು.
"ನಿನ್ನ ಪಾದಕ್ಕೇನು?"
"ಅಲ್ಲ. ನಿಮ್ಮ ಮೀನಖಂಡಕ್ಕ.
ನಾ ಕಾಲಿಟ್ಟಾಗ ಬೆಚ್ಚಿ ಬೀಳ್ತೀರಿ,
ಗುಡಾರ ಕಿತ್ತು ಬಂದೀತು."

ನಲವತ್ತು ಗ್ರಾಂ ಹೆಚ್ಚಾಯಿತು.
ಹೋಗುತ್ತಿರುವುದು ಹರಿಶ್ಚಂದ್ರನ ಹೆಸರಿನ ಗಡಕ್ಕೆ;
ಆದರೂ ಚೀಟಿಯಲ್ಲಿ
ಎಂಟು ಕಿಲೋ ಎಂದೇ ಬರೆದು
ದೀಪ ಆರಿಸಿದೆ.