ಬಳಸಿದ್ದು, ಒಂದು ಎಸಳು ಮುಕ್ಕು

ಕೌವೊಲಾ ಊರಿನಾಚೆ, ಪೆಟ್ರೋಲ್ ಬಂಕು.
ನವೆಂಬರ್. ಮೂರೂವರೆಗೇ ದೀಪ ಹಚ್ಚಿದ್ದಾರೆ.
ನನ್ನ ತೊಡೆಯ ಮೇಲೆ, ಅತ್ತೆ ಹಿಲ್ಕಾ ಹೆಣೆದ ಸ್ವೆಟರಿನೊಳಗೆ
ಏಳು ಕಿಲೋ ತೂಕದ ಟರ್ಬೊ.
ಕಂಪನಿ ಕೂರಿಸಿ ಕಳಿಸಿದ್ದಲ್ಲ; ಎರಡು ಚಳಿಗಾಲ
ರಾತ್ರಿ ಪಾಳಿ ಮಾಡಿ ಕೊಂಡು, ನಾನೇ ಕೂರಿಸಿದ್ದು.

ಬಂದವಳು ಹುಡುಗಿ, ತೈಮಿ. ವೆಲ್ಡಿಂಗ್ ಕಲಿಯುತ್ತಾಳಂತೆ.
ಹುಬ್ಬಿನ ತುದಿ ಕಿಡಿ ತಾಗಿ ಸುಟ್ಟಿದೆ.
ನಮಸ್ಕಾರ ಗಿಮಸ್ಕಾರ ಏನಿಲ್ಲ,
ಕೈಗವಸನ್ನು ಹಲ್ಲಲ್ಲಿ ಕಚ್ಚಿ ಎಳೆದು
ನೇರ ಅದರ ಬಾಯಿಗೆ ಬೆರಳಿಟ್ಟಳು,
ಎತ್ತಿನ ಹಲ್ಲು ನೋಡುವವರ ಹಾಗೆ.
ಅಡ್ಡ ಅಲ್ಲಾಡಿಸಿದಳು. ಉದ್ದ ತಳ್ಳಿದಳು.
ಸದ್ದಿಲ್ಲ. ಚಕ್ರ ತಿರುಗಿ, ತಿರುಗಿ, ನಿಂತಿತು.

"ಒಂದು ಎಸಳು ಮುಕ್ಕಾಗಿದೆ," ನಾನೇ ಅಂದೆ.
"ಒಮ್ಮೆ ವಾಷರ್ ನುಂಗಿತ್ತು.
ಆಮೇಲೂ ನಾಲ್ಕು ವರ್ಷ ಓಡಿದೆ."

ಹುಬ್ಬು ಗಂಟಾಯಿತು ಅವಳದು.
ಕೇಳದೆ ಹೇಳಿದವನು
ಇನ್ನೇನನ್ನೋ ಮುಚ್ಚಿಟ್ಟಿರಬೇಕು.
ಆಯಿಲ್ ತೂತಿಗೆ ಮೊಬೈಲಿನ ಬೆಳಕು ಬಿಟ್ಟಳು,
ಮೂಸಿದಳು, ಉಗುರಿಂದ ಕೆರೆದಳು.
"ಯಾಕೆ ಮಾರ್ತಿದ್ದೀಯ?"

ಕಾರು ಉಪ್ಪಿಗೆ ಹೋಯಿತು, ಅಂದೆ.
ಉಪ್ಪು ತಿಂದವನು ನೀರು ಕುಡಿಯಬೇಕಂತೆ;
ಇಲ್ಲಿ ಉಪ್ಪೇ ತಿನ್ನುತ್ತದೆ.
ಹಿಮ ಕರಗಲೆಂದು ರಸ್ತೆಗೆ ಸುರಿದದ್ದು
ಸೀಟಿನಡಿಯ ತಗಡನ್ನು ಜರಡಿ ಮಾಡಿತು.
ತಪಾಸಣೆಯವನು ಸ್ಕ್ರೂಡ್ರೈವರ್ ಚುಚ್ಚಿದ,
ಹಿಡಿಯವರೆಗೂ ಹೋಯಿತು.
ಕೆಂಪು ವೋಲ್ವೊ ಗುಜರಿಗೆ. ಉಳಿದದ್ದು ಇದು.

ಅದೂ ಪೂರ್ತಿ ನಿಜವಲ್ಲ.
ಒಂದು ವರ್ಷ ಶೆಡ್ಡಿನ ಹಲಗೆಯ ಮೇಲಿತ್ತು.
ಬಸವನಹುಳುವಿನ ಚಿಪ್ಪಿನಂಥ ಅದರ ಮೈ ನೋಡಿದಾಗೆಲ್ಲ
ನಗು: ಇಷ್ಟು ವೇಗಕ್ಕೆ ಈ ಆಕಾರವೇ!
ಎಂಜಿನ್ನು ಬಿಸಾಡಿದ ಉಸಿರಿನಲ್ಲೇ ತಿರುಗಿ
ಅದಕ್ಕೇ ಹೊಸ ಉಸಿರು ತುಂಬುವ ಪ್ರಾಣಿ.
ಪೆಡಲ್ ಒತ್ತಿದ ಮೇಲೆ ಒಂದು ಗಳಿಗೆ ಏನೂ ಇಲ್ಲ,
ಹೆಸರು ಹಿಡಿದು ಕರೆದರೂ ತಿರುಗದವರ ಬೆನ್ನಿನ ಹಾಗೆ.
ಆಮೇಲೆ ಶಿಳ್ಳೆ, ಆಮೇಲೆ ಬೆನ್ನಿಗೊಂದು ಗುದ್ದು.
ಗುದ್ದು ಎಲ್ಲರಿಗೂ ಬೇಕು;
ನನಗೆ ಬೇಕಿದ್ದದ್ದು ಆ ಗಳಿಗೆ.
ಈಚೆಗೆ ಅದು ಸುಮ್ಮನೆ ಕೂತಾಗಲೂ ಬರುತ್ತಿದೆ.
ಕೊಳ್ಳಲು ಬಂದವರಿಗೆ ಇದನ್ನು ಹೇಳುವುದು ಹೇಗೆ?

"ಹೆಂಡತಿ ಬೈತಾಳೆ," ಅಂದೆ.
ಬೈದವಳೇ ಅಲ್ಲ ಅವಳು.
ಸುಳ್ಳು ಕೇಳಿದ್ದೇ ತೈಮಿಯ ಮುಖ ಸಡಿಲವಾಯಿತು.
ನಾನೂರು ಯೂರೋ ಅಂದಿದ್ದೆ;
ಮುನ್ನೂರ ಐವತ್ತು ಎಣಿಸಿ ಕೊಟ್ಟಳು,
ಕೊನೆಯ ನೋಟಿನ ಮೇಲೆ ಗ್ರೀಸಿನ ಹೆಬ್ಬೆಟ್ಟು.

ಬೂದು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ
ಅದಕ್ಕೆ ಸೀಟ್ ಬೆಲ್ಟ್ ಕೂಡ ಹಾಕಿದಳು.
ಹೋದಳು.
ನಾನು ಕಾಫಿ ಕುಡಿದೆ, ಬನ್ನು ತಿಂದೆ.
ಎರಡನೇ ಬನ್ನಿಗೆ ನೆನಪಾಯಿತು, ಸ್ವೆಟರ್.
ಭಾನುವಾರ ಹಿಲ್ಕಾ ಊಟಕ್ಕೆ ಬರುತ್ತಾರೆ.
ಚಳಿ ಇಷ್ಟಿದೆ, ಯಾಕೆ ಹಾಕಿಕೊಂಡಿಲ್ಲ, ಅನ್ನುತ್ತಾರೆ.